ಐರನ್‌ವೀಡ್: ಬಣ್ಣ ಬಿಡಿ, ಹೂವಿನ ಬುಡ ನೋಡಿ

ಉತ್ತರ ಅಮೆರಿಕದ ಪೂರ್ವ ಮತ್ತು ನಡು ಭಾಗದಲ್ಲಿ ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹೊಳೆದಂಡೆ, ಜೌಗು ಹುಲ್ಲುಗಾವಲು, ರಸ್ತೆಬದಿಯ ತಗ್ಗುಗಳಲ್ಲಿ ಆಳೆತ್ತರ ನಿಂತು ಕಡುನೇರಳೆ ಹೂ ಬಿಡುವ ಗಿಡ ಐರನ್‌ವೀಡ್. ಸಸ್ಯಶಾಸ್ತ್ರದಲ್ಲಿ ಇದರ ಕುಲ ವರ್ನೋನಿಯಾ. ಸೂರ್ಯಕಾಂತಿ, ಸೇವಂತಿಗೆಗಳಿರುವ ಆಸ್ಟರೇಸೀ ಕುಟುಂಬಕ್ಕೆ ಸೇರಿದ್ದು. ಹದಿನೇಳನೆಯ ಶತಮಾನದ ಕೊನೆಗೆ ಮೇರಿಲ್ಯಾಂಡ್‌ನಲ್ಲಿ ಗಿಡಗಳನ್ನು ಸಂಗ್ರಹಿಸಿದ ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ವಿಲಿಯಂ ವರ್ನನ್ ಹೆಸರನ್ನು ಈ ಕುಲಕ್ಕೆ ಇಟ್ಟಿದ್ದಾರೆ.

ಇದು ಬಹುವಾರ್ಷಿಕ. ಚಳಿಗಾಲದಲ್ಲಿ ಮೇಲಿನ ಭಾಗವೆಲ್ಲ ಒಣಗಿ, ವಸಂತದಲ್ಲಿ ಬುಡದಿಂದ ಹೊಸ ಚಿಗುರು ಬರುತ್ತದೆ. ಬೆಳೆಸುವುದು ಸುಲಭ ಅನ್ನುತ್ತಾರೆ. ಆ ಮಾತು ಅರ್ಧ ನಿಜ. ಈ ಕುಲದ ಒಂದು ಜಾತಿಗೆ ಬೇಸಿಗೆಯಲ್ಲೂ ಬುಡದಲ್ಲಿ ತೇವ ಬೇಕು. ಇನ್ನೊಂದು ಜಾತಿ ಜಲ್ಲಿಕಲ್ಲಿನ ನದೀ ದಿಬ್ಬದ್ದು, ಅಷ್ಟೇ ನೀರು ನಿಂತರೆ ಬುಡ ಕೊಳೆತು ಹೋಗುತ್ತದೆ. ಮತ್ತೊಂದು ಒಣ ಮಣ್ಣಿನಲ್ಲೂ ಚೆನ್ನಾಗಿ ಬರುತ್ತದೆ, ಆದರೆ ನೆಲದಡಿಯಲ್ಲೇ ಹರಡಿ ಪಕ್ಕದ ಗಿಡದ ಜಾಗ ಕಬಳಿಸುತ್ತದೆ. ಹೀಗಾಗಿ ಯಾವ ಐರನ್‌ವೀಡ್ ಎಂದು ತಿಳಿಯದೆ ಮುಂದಿನ ಸಲಹೆಗಳಿಗೆಲ್ಲ ಅರ್ಥವಿಲ್ಲ. ಮೊದಲು ಗುರುತು, ಆಮೇಲೆ ಗುದ್ದಲಿ.

ಹೂವಿನ ಕಟ್ಟಡ

ನಾವು ಒಂದು ಹೂವೆಂದು ಕರೆಯುವುದು ನಿಜಕ್ಕೂ ಹತ್ತಾರು ಕಿರುಹೂಗಳು ಒತ್ತಾಗಿ ಕೂತ ಹೂಮಂಡೆ. ಸೂರ್ಯಕಾಂತಿಯಲ್ಲಿ ಎರಡು ಬಗೆಯ ಕಿರುಹೂಗಳಿರುತ್ತವೆ: ನಡುವಿನ ತಟ್ಟೆಯಲ್ಲಿ ಕೊಳವೆಯಾಕಾರದವು, ಅಂಚಿನಲ್ಲಿ ಉದ್ದ ದಳದಂಥವು. ಐರನ್‌ವೀಡ್‌ನಲ್ಲಿ ಅಂಚಿನವು ಇಲ್ಲವೇ ಇಲ್ಲ. ಎಲ್ಲವೂ ಐದು ಸೀಳಿನ ತೆಳು ಕೊಳವೆಗಳು, ಎಲ್ಲವೂ ನೇರಳೆ. ಒಂದೇ ಒಂದು ದಳದಂಥ ಅಂಚು ಕಂಡರೂ, ನಡುವೆ ಹಳದಿ ಕಂಡರೂ, ಅದು ಐರನ್‌ವೀಡ್ ಅಲ್ಲ.

ಪ್ರತಿ ಕಿರುಹೂವಿನಿಂದ ಶಲಾಕೆ, ಅಂದರೆ ಹೂವಿನ ಹೆಣ್ಣುಭಾಗದ ಎಳೆ, ಹೊರಚಾಚಿ ಎರಡು ಕವಲಾಗುತ್ತದೆ. ಕವಲುಗಳು ದಾರದಷ್ಟು ತೆಳ್ಳಗೆ, ಚೂಪಾಗಿ, ಹೊರಮೈಯಲ್ಲಿ ರೋಮ ಹೊತ್ತಿರುತ್ತವೆ. ಆ ರೋಮ ಕವಲೊಡೆದ ಜಾಗಕ್ಕಿಂತ ಕೆಳಗೂ ಇಳಿದಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ವರ್ನೋನಿಯಾ ಬಳಗದ ಎಲ್ಲ ಗಿಡಗಳಿಗೂ ಇರುವ ಲಕ್ಷಣ ಇದು.

ಕುಲ ಯಾವುದೆಂದು ಹೇಳಲು ಇಷ್ಟು ಸಾಕು. ಜಾತಿ ಹೇಳಬೇಕಾದರೆ ಹೂಮಂಡೆಯನ್ನು ತಲೆಕೆಳಗೆ ಮಾಡಬೇಕು. ಬುಡದಲ್ಲಿ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತ ಪುಟ್ಟ ಹಸಿರು ಅಥವಾ ನೇರಳೆ ಛಾಯೆಯ ಎಸಳುಗಳಿವೆ. ಇವು ಮೊಗ್ಗನ್ನು ಕಾಯುವ ಹೊದಿಕೆ ಎಸಳುಗಳು. ಇವುಗಳ ತುದಿ ಮೊಂಡೋ, ಚೂಪೋ, ಕೂದಲಂತೆ ಎಳೆದುಕೊಂಡಿದೆಯೋ, ಹೊರಕ್ಕೆ ಬಾಗಿದೆಯೋ ಎಂಬುದರಲ್ಲೇ ಬಹುಪಾಲು ಉತ್ತರ ಅಡಗಿದೆ. ಉಳಿದದ್ದು ಎರಡು ಕಡೆ ಸಿಗುತ್ತದೆ: ಒಂದು ಹೂಮಂಡೆಯಲ್ಲಿ ಎಷ್ಟು ಕಿರುಹೂಗಳಿವೆ ಎಂಬ ಲೆಕ್ಕದಲ್ಲಿ, ಮತ್ತು ಎಲೆಯ ತಳಭಾಗದಲ್ಲಿ. ಫೋಟೊ ತೆಗೆಯುವುದಾದರೆ ಈ ಮೂರನ್ನೂ ತೆಗೆಯಿರಿ. ಮೇಲಿನಿಂದ ತೆಗೆದ ನೇರಳೆ ಹೂವಿನ ಚಿತ್ರ ಎಷ್ಟೇ ಸೊಗಸಾಗಿದ್ದರೂ ಜಾತಿ ಹೇಳಲು ಬಾರದು.

ಎಲೆ, ಕಾಂಡಗಳ ಸಾಮಾನ್ಯ ರೂಪ ಹೀಗೆ: ಕಾಂಡ ನೆಟ್ಟಗೆ, ಗಟ್ಟಿಯಾಗಿ, ಹೂಗೊಂಚಲಿನವರೆಗೂ ಹೆಚ್ಚು ಕವಲಿಲ್ಲದೆ ಏರುತ್ತದೆ. ಒಂದು ಗೆಣ್ಣಿಗೆ ಒಂದೇ ಎಲೆ, ಅದೂ ಒಮ್ಮೆ ಈ ಕಡೆ ಒಮ್ಮೆ ಆ ಕಡೆ. ಎಲೆ ಭರ್ಚಿಯಂತೆ ಉದ್ದ, ಅಂಚಿನಲ್ಲಿ ಗರಗಸದ ಹಲ್ಲು, ತೊಟ್ಟು ಗಿಡ್ಡ. ಹೂ ಬಾಡಿದ ಮೇಲೆ ಬೀಜದ ತಲೆಯಲ್ಲಿ ಹುಲ್ಲುಬಣ್ಣದಿಂದ ತುಕ್ಕುಬಣ್ಣದವರೆಗಿನ ರೋಮಕುಚ್ಚು ಅರಳುತ್ತದೆ. ಈ ಕುಚ್ಚು ಎರಡು ಸುತ್ತಿನದು: ಹೊರಗೆ ತೀರಾ ಗಿಡ್ಡ ಹುರುಪೆಗಳು, ಒಳಗೆ ಉದ್ದ ಬಿರುಗೂದಲು.

ತಪ್ಪು ತಿಳಿಯುವ ಗಿಡಗಳು

ಹೆಚ್ಚು ಗೊಂದಲವಾಗುವುದು ಜೋ-ಪೈ ವೀಡ್ ಜೊತೆ, ಅಂದರೆ ಯೂಟ್ರೋಕಿಯಂ ಕುಲದೊಂದಿಗೆ. ಅದೂ ಅಷ್ಟೇ ಎತ್ತರ, ಅದೇ ಒದ್ದೆ ಜಾಗ, ಅದೇ ತಿಂಗಳು. ಆದರೆ ಅದರ ಎಲೆಗಳು ಒಂದೇ ಗೆಣ್ಣಿನಲ್ಲಿ ಮೂರರಿಂದ ಏಳರವರೆಗೆ ಕಾಂಡದ ಸುತ್ತ ಚಕ್ರದಂತೆ ಕೂತಿರುತ್ತವೆ, ಹೂವಿನ ಬಣ್ಣವೂ ಮಾಸಲು ಗುಲಾಬಿ. ಎಲೆಯ ಜೋಡಣೆ ನೋಡಿದರೆ ಹೂವಿಲ್ಲದಾಗಲೂ ಬೇರ್ಪಡಿಸಬಹುದು.

ನ್ಯೂ ಇಂಗ್ಲೆಂಡ್ ಆಸ್ಟರ್‌ಗೆ ಅಂಚಿನ ದಳಗಳಿವೆ, ಎಲೆಯ ಬುಡ ಕಾಂಡವನ್ನು ತಬ್ಬಿಕೊಂಡಿರುತ್ತದೆ. ಲಿಯಾಟ್ರಿಸ್‌ನ ಹೂ ಉದ್ದ ತೆನೆಯಲ್ಲಿ ಬರುತ್ತದೆ, ಎಲೆ ಹುಲ್ಲಿನಂತಿರುತ್ತದೆ. ಮುಳ್ಳಿದ್ದರೆ ಅದು ಥಿಸಲ್. ನಿಜಕ್ಕೂ ಎಚ್ಚರ ವಹಿಸಬೇಕಾದದ್ದು ಪರ್ಪಲ್ ಲೂಸ್‌ಸ್ಟ್ರೈಫ್ ವಿಷಯದಲ್ಲಿ. ಯುರೋಪಿನಿಂದ ಬಂದು ಅಮೆರಿಕದ ಜೌಗುಗಳನ್ನೆಲ್ಲ ಆಕ್ರಮಿಸಿದ ಗಿಡವದು. ದೂರದಿಂದ ಎರಡೂ ನೇರಳೆ ರಾಶಿಯಂತೆಯೇ ಕಾಣುತ್ತವೆ. ಹತ್ತಿರ ಹೋದರೆ ಲೂಸ್‌ಸ್ಟ್ರೈಫ್‌ನ ಕಾಂಡಕ್ಕೆ ಮೂಲೆಗಳಿರುತ್ತವೆ, ಎಲೆಗಳು ಎದುರುಬದುರು ಕೂತಿರುತ್ತವೆ, ಹೂವಿಗೆ ಸುಕ್ಕು ಸುಕ್ಕಾದ ಬಿಡಿ ದಳಗಳಿರುತ್ತವೆ. ಬೀಜ ಆಯುವವರು ಇದನ್ನು ತಪ್ಪಾಗಿ ತಂದು ಬಿತ್ತಿದರೆ ಆ ಜಾಗ ಮತ್ತೆ ಕೈಗೆ ಸಿಗುವುದು ಕಷ್ಟ.

ಮೇ ತಿಂಗಳಲ್ಲಿ, ಹೂವಿಲ್ಲದಾಗ, ಗುರುತು ಇನ್ನೂ ಜಟಿಲ. ಹೊಳೆಬದಿಯ ತಗ್ಗಿನಲ್ಲಿ ಐರನ್‌ವೀಡ್ ಜೊತೆಗೇ ಬೆಳೆಯುವ ವಿಂಗ್‌ಸ್ಟೆಮ್‌ನ ಎಲೆ ಹೆಚ್ಚುಕಡಿಮೆ ಅದೇ ಆಕಾರದ್ದು. ಕಾಂಡದ ಮೇಲೆ ಬೆರಳಾಡಿಸಿ: ಎಲೆಯ ಬುಡದಿಂದ ಕೆಳಕ್ಕೆ ತೆಳು ಪಟ್ಟಿಯಂಥ ರೆಕ್ಕೆ ಇಳಿದಿದ್ದರೆ ಅದು ವಿಂಗ್‌ಸ್ಟೆಮ್, ಮುಂದೆ ಹಳದಿ ಹೂ ಬಿಡುತ್ತದೆ. ಕಾಡು ಸೂರ್ಯಕಾಂತಿಗಳಾದರೆ ಎಲೆ ಮರಳುಕಾಗದದಷ್ಟು ಒರಟು, ಕೆಳಗಿನ ಎಲೆಗಳು ಎದುರುಬದುರು.

ಯಾವ ಜಾತಿ?

ನ್ಯೂಯಾರ್ಕ್ ಐರನ್‌ವೀಡ್, ವರ್ನೋನಿಯಾ ನೋವೆಬೊರಾಸೆನ್ಸಿಸ್. ತೋಟಗಾರರಲ್ಲಿ ಹೆಚ್ಚು ಪರಿಚಿತವಾದದ್ದು ಇದೇ. 1753ರಲ್ಲಿ ಲಿನೇಯಸ್ ಇದನ್ನು ಸೆರಾಟುಲ ಎಂಬ ಬೇರೆ ಕುಲದಲ್ಲಿ ಇಟ್ಟಿದ್ದ. ಮ್ಯಾಸಚೂಸೆಟ್ಸ್‌ನಿಂದ ದಕ್ಷಿಣಕ್ಕೆ ಅಟ್ಲಾಂಟಿಕ್ ಕರಾವಳಿ ಮತ್ತು ಅಪಲೇಚಿಯನ್ ಬೆಟ್ಟಗಳ ಸುತ್ತ ಇದರ ನೆಲೆ. ಎತ್ತರ ಒಂದೂವರೆಯಿಂದ ಎರಡೂಕಾಲು ಮೀಟರ್. ಹೊದಿಕೆ ಎಸಳುಗಳ ತುದಿ ಕೂದಲೆಳೆಯಂತೆ ಉದ್ದಕ್ಕೆ ಎಳೆದುಕೊಂಡಿರುತ್ತದೆ, ಮೊಗ್ಗಿಗೆ ಗಡ್ಡ ಬಂದ ಹಾಗೆ. ಒಂದು ಮಂಡೆಯಲ್ಲಿ ಸುಮಾರು 30ರಿಂದ 50 ಕಿರುಹೂ. ಗಡ್ಡವೂ ಈ ಲೆಕ್ಕವೂ ಕೂಡಿ ಬಂದರೆ ಬೇರೆ ಅನುಮಾನ ಬೇಕಿಲ್ಲ.

ವರ್ನೋನಿಯಾ ಜೈಜಾಂಟಿಯ ಹೆಸರಿಗೆ ತಕ್ಕ ಎತ್ತರದ್ದು, ಒಳ್ಳೆಯ ಮೆಕ್ಕಲು ಮಣ್ಣಿನಲ್ಲಿ ಮೂರು ಮೀಟರ್‌ವರೆಗೂ ಹೋಗುತ್ತದೆ. ಮೇಲಿನ ಗಡ್ಡ ಇದಕ್ಕಿಲ್ಲ. ಎಸಳುಗಳು ಮಂಡೆಗೆ ಒತ್ತಿಕೊಂಡಿರುತ್ತವೆ, ತುದಿ ಮೊಂಡು ಅಥವಾ ಸ್ವಲ್ಪ ಚೂಪು. ಕಿರುಹೂ 13ರಿಂದ 30. ಮಂಡೆಗಳು ಚಿಕ್ಕವು, ಗೊಂಚಲು ಅಗಲವಾಗಿ ಸಡಿಲವಾಗಿ ಹರಡಿರುತ್ತದೆ.

ವರ್ನೋನಿಯಾ ಫ್ಯಾಸಿಕ್ಯುಲೇಟ ಓಹಾಯೊದಿಂದ ಡಕೋಟಗಳವರೆಗಿನ ಒದ್ದೆ ಹುಲ್ಲುಗಾವಲಿನದು. ಎತ್ತರ ಸಾಮಾನ್ಯವಾಗಿ ಒಂದರಿಂದ ಒಂದೂಮುಕ್ಕಾಲು ಮೀಟರ್. ಗೊಂಚಲು ದಟ್ಟ, ಮೇಲ್ಭಾಗ ಚಪ್ಪಟೆ. ಎಲೆಯ ತಳ ನುಣ್ಣಗೆ, ರೋಮವಿಲ್ಲ. ಭೂತಗನ್ನಡಿ ಹಿಡಿದರೆ ತಳದಲ್ಲಿ ಸೂಜಿಮೊನೆಯಷ್ಟು ಗುಳಿಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ಈ ಗುಳಿಗಳೇ ಇದರ ಖಚಿತ ಗುರುತು.

ಅದಕ್ಕೆ ತದ್ವಿರುದ್ಧ ವರ್ನೋನಿಯಾ ಮಿಸ್ಸುರಿಕ: ಎಲೆಯ ತಳಕ್ಕೆ ಬಿಳಿಚು ರೋಮದ ಹೊದಿಕೆ, ಬೆರಳಿಗೆ ಮೆತ್ತಗೆ ಹತ್ತಿಬಟ್ಟೆಯಂತೆ ತಾಗುತ್ತದೆ. ಕಿರುಹೂ ಸಾಮಾನ್ಯವಾಗಿ 30ಕ್ಕಿಂತ ಹೆಚ್ಚು. ವರ್ನೋನಿಯಾ ಬಾಲ್ಡ್‌ವಿನಿಯೈ ಕೂಡ ರೋಮಮಯವೇ, ಆದರೆ ಕಿರುಹೂ ಅದಕ್ಕಿಂತ ಕಡಿಮೆ ಮತ್ತು ಹೊದಿಕೆ ಎಸಳುಗಳ ಚೂಪು ತುದಿ ಹೊರಕ್ಕೆ ಬಾಗಿರುತ್ತದೆ. ಕ್ಯಾನ್ಸಸ್, ನೆಬ್ರಾಸ್ಕ, ಒಕ್ಲಹೋಮಗಳ ಒಣ ಬಯಲಿನ ಗಿಡ ಇದು. ಮುಂಚೆ ಹೇಳಿದ, ನೆಲದಡಿ ಹರಡುವ ಜಾತಿ ಇದೇ.

ವರ್ನೋನಿಯಾ ಅರ್ಕನ್ಸಾನದ ಮಂಡೆಗಳು ದೊಡ್ಡವು, ಒಂದರಲ್ಲಿ 50ಕ್ಕೂ ಮಿಕ್ಕಿ ಕಿರುಹೂ. ಹೊದಿಕೆ ಎಸಳುಗಳು ತೆಳುವಾಗಿ ಉದ್ದವಾಗಿ ಗುಂಗುರಾಗಿ ಸುತ್ತಿಕೊಂಡಿರುತ್ತವೆ. ಕೊನೆಯದಾಗಿ ವರ್ನೋನಿಯಾ ಲೆಟರ್‌ಮನಿಯೈ: ಅರ್ಕನ್ಸಾ ಮತ್ತು ಒಕ್ಲಹೋಮದ ವಾಶಿಟಾ ಸೀಮೆಯ ನದೀಪಾತ್ರದ ಜಲ್ಲಿ ದಿಬ್ಬಗಳಲ್ಲಿ ಮಾತ್ರ ತಾನಾಗಿ ಬೆಳೆಯುವಂಥದು. ಎಲೆಯ ಅಗಲ ಎರಡು ಮೂರು ಮಿಲಿಮೀಟರ್, ಎತ್ತರ ಮೊಣಕಾಲಿನಿಂದ ಸೊಂಟದವರೆಗೆ. ‘ಐರನ್ ಬಟರ್‌ಫ್ಲೈ’ ಎಂಬ ತಳಿ ಇದರದ್ದೇ. ಚಿಕ್ಕ ತೋಟಕ್ಕೆ ಐರನ್‌ವೀಡ್ ಬೇಕೆಂದರೆ ಮೊದಲು ಯೋಚಿಸಬೇಕಾದದ್ದು ಇದನ್ನು. ದೊಡ್ಡ ಜಾತಿಯನ್ನು ತಂದು ಪ್ರತಿ ವರ್ಷ ಕತ್ತರಿಸಿ ಗಿಡ್ಡ ಮಾಡುವ ಪಾಡು ತಪ್ಪುತ್ತದೆ.

ಲಕ್ಷಣಗಳು ಯಾವುದಕ್ಕೂ ಸರಿಯಾಗಿ ಹೊಂದದೆ ಇದ್ದರೆ ಕಣ್ಣು ಉಜ್ಜಿಕೊಳ್ಳಬೇಕಿಲ್ಲ. ಎರಡು ಜಾತಿಗಳು ಹತ್ತಿರ ಬೆಳೆದಲ್ಲಿ ಇವು ಸಲೀಸಾಗಿ ಮಿಶ್ರವಾಗುತ್ತವೆ. ಅರ್ಧ ಗಡ್ಡ, ಅರ್ಧ ರೋಮದ ಗಿಡ ಕಂಡರೆ ಮಿಶ್ರತಳಿ ಎಂದು ಬರೆದುಕೊಂಡು ಅದು ನಿಂತ ಮಣ್ಣಿನ ಗುಣವನ್ನೂ ಗುರುತು ಹಾಕಿಕೊಳ್ಳಿ. ಬೆಳೆಸುವವರಿಗೆ ಹೆಸರಿಗಿಂತ ಆ ಮಣ್ಣಿನ ಮಾಹಿತಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಮ್ಮ ಕಡೆಯ ನೆಂಟರು

ಹಳೆಯ ಪುಸ್ತಕಗಳಲ್ಲಿ ವರ್ನೋನಿಯಾ ಎಂಬ ಹೆಸರಿನಡಿ ಸಾವಿರದಷ್ಟು ಜಾತಿಗಳು ಸಿಗುತ್ತವೆ, ಅವುಗಳಲ್ಲಿ ಭಾರತದವೂ ಇವೆ. ಹೊಲದ ಬದುವಿನಲ್ಲಿ ಸಣ್ಣ ನೇರಳೆ ಹೂ ಬಿಡುವ ಸಹದೇವಿ ಆಗ ವರ್ನೋನಿಯಾ ಸಿನೇರಿಯ ಆಗಿತ್ತು, ಈಗ ಸಯಾಂತಿಲಿಯಂ ಸಿನೇರಿಯಂ. ಕಾಡುಜೀರಿಗೆ ವರ್ನೋನಿಯಾ ಆಂಥೆಲ್ಮಿಂಟಿಕ ಆಗಿತ್ತು, ಈಗ ಬಕರಾಯ್ಡಿಸ್ ಕುಲಕ್ಕೆ ಹೋಗಿದೆ. ಕಟ್ಟಡಗಳ ಮೇಲಿನಿಂದ ಪರದೆಯಂತೆ ಇಳಿಬಿಡುವ ಕರ್ಟನ್ ಕ್ರೀಪರ್ ಕೂಡ ಇದೇ ಬಳಗದ್ದು. ಸ್ಮಿತ್‌ಸೋನಿಯನ್ ಸಂಸ್ಥೆಯ ಹ್ಯಾರಲ್ಡ್ ರಾಬಿನ್ಸನ್ ಈ ದೊಡ್ಡ ಕುಲವನ್ನು ಹಲವು ಚಿಕ್ಕ ಕುಲಗಳಾಗಿ ಒಡೆದ ಮೇಲೆ, ವರ್ನೋನಿಯಾ ಹೆಸರು ಮುಖ್ಯವಾಗಿ ಅಮೆರಿಕದ ಗಿಡಗಳಿಗೆ ಉಳಿಯಿತು.

ಇದು ಬರೀ ಹೆಸರಿನ ಸಂಗತಿಯಲ್ಲ. ಸಹದೇವಿ ಉಷ್ಣವಲಯದ ಕಳೆ, ಬಿದ್ದಲ್ಲಿ ಮೊಳೆಯುತ್ತದೆ. ಕೆಳಗೆ ಹೇಳುವ ತಂಪು ಉಪಚಾರ ಅದಕ್ಕೆ ಬೇಡ. ಮುಖ್ಯವಾಗಿ, ಒಂದೇ ಹಳೆಯ ಕುಲನಾಮ ಇತ್ತೆಂದು ಅಮೆರಿಕದ ಐರನ್‌ವೀಡ್ ಬೀಜವನ್ನು ಕಾಡುಜೀರಿಗೆಯ ಬದಲಿಗೆ ಔಷಧಿಗೆ ಬಳಸಬಾರದು. ಬೀಜ ಹೊರದೇಶದಿಂದ ತರಿಸುವವರಿಗೆ ಇನ್ನೊಂದು ಮಾತು: ಭಾರತದಲ್ಲಿ 2003ರ ಸಸ್ಯ ಸಂಗರೋಧ ಆದೇಶ ಜಾರಿಯಲ್ಲಿದೆ. ಅನುಮತಿ ಪತ್ರವೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಇಲ್ಲದೆ ಅಂಚೆಯಲ್ಲಿ ಬೀಜ ತರಿಸಿಕೊಳ್ಳುವುದು ನಿಯಮಬಾಹಿರ.

ಜಾಗ ಮತ್ತು ಮಣ್ಣು

ಎಲ್ಲ ಜಾತಿಗಳಿಗೂ ಸಮಾನವಾದದ್ದು ಬಿಸಿಲು. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಜೈಜಾಂಟಿಯ ಮಾತ್ರ ಮರದಂಚಿನ ಅರೆನೆರಳನ್ನು ಸಹಿಸುತ್ತದೆ, ಆದರೆ ಅಲ್ಲಿ ಕಾಂಡ ಉದ್ದಕ್ಕೆ ಬೆಳೆದು ಬಾಗುತ್ತದೆ.

ನೀರಿನಲ್ಲಿ ದಾರಿಗಳು ಕವಲೊಡೆಯುತ್ತವೆ. ನೋವೆಬೊರಾಸೆನ್ಸಿಸ್, ಜೈಜಾಂಟಿಯ, ಫ್ಯಾಸಿಕ್ಯುಲೇಟ ಮೂರಕ್ಕೂ ತೇವ ಹಿಡಿದಿಡುವ ಮಣ್ಣು ಇಷ್ಟ. ಜೇಡಿಮಣ್ಣಾದರೂ ಸರಿ, ಮಳೆಗಾಲದಲ್ಲಿ ಒಂದೆರಡು ದಿನ ನೀರು ನಿಂತರೂ ಸರಿ. ಮಳೆನೀರು ಇಂಗಿಸುವ ತಗ್ಗುತೋಟಕ್ಕೆ ಹೇಳಿ ಮಾಡಿಸಿದ ಗಿಡಗಳಿವು. ಬಾಲ್ಡ್‌ವಿನಿಯೈ ಒಣ, ಬಡ ಮಣ್ಣಿನದು. ಲೆಟರ್‌ಮನಿಯೈಗೆ ನೀರು ಬಸಿದು ಹೋಗಲೇಬೇಕು. ಜೇಡಿಮಣ್ಣಾದರೆ 15ರಿಂದ 20 ಸೆಂಟಿಮೀಟರ್ ಎತ್ತರದ ಏರುಮಡಿ ಮಾಡಿ ಮಣ್ಣಿಗೆ ಮೂರನೇ ಒಂದು ಪಾಲು ಸಣ್ಣ ಜಲ್ಲಿ ಬೆರೆಸಿ ನೆಡಿ. ಇದನ್ನು ಕೊಲ್ಲುವುದು ಬೇಸಿಗೆಯ ಬರವಲ್ಲ, ಚಳಿಗಾಲದಲ್ಲಿ ಬುಡದಲ್ಲಿ ನಿಲ್ಲುವ ನೀರು.

ಅಂತರದಲ್ಲಿ ಜಿಪುಣತನ ಬೇಡ: ದೊಡ್ಡ ಜಾತಿಗಳಿಗೆ 75ರಿಂದ 90 ಸೆಂಟಿಮೀಟರ್, ಫ್ಯಾಸಿಕ್ಯುಲೇಟಕ್ಕೆ 60, ಲೆಟರ್‌ಮನಿಯೈಗೆ 45ರಿಂದ 60. ಮೊದಲ ವರ್ಷ ಮಡಿ ಖಾಲಿ ಖಾಲಿಯಾಗಿ ಕಾಣುತ್ತದೆ, ಮೂರನೆಯ ವರ್ಷಕ್ಕೆ ತುಂಬಿಕೊಳ್ಳುತ್ತದೆ.

ಗೊಬ್ಬರದ ವಿಚಾರ ಚಿಕ್ಕದು. ವಸಂತದಲ್ಲಿ ಎರಡು ಮೂರು ಸೆಂಟಿಮೀಟರ್ ಕಾಂಪೋಸ್ಟ್ ಹರಡಿದರೆ ಮುಗಿಯಿತು. ಸಾರಜನಕದ ಗೊಬ್ಬರ ಹಾಕಿದರೆ ಕಾಂಡ ಮೆತ್ತಗಾಗಿ ಹೂಭಾರಕ್ಕೆ ಮಲಗುತ್ತದೆ.

ಬೀಜದಿಂದ ಬೆಳೆಸುವುದು

ಬಿತ್ತಿದ್ದು ಹುಟ್ಟಲಿಲ್ಲ ಎಂಬ ದೂರು ಈ ಗಿಡದ ವಿಷಯದಲ್ಲಿ ಮಾಮೂಲು. ಎರಡು ಕಾರಣಗಳಿವೆ: ಜೊಳ್ಳು ಬೀಜ, ಮತ್ತು ತಂಪು ಸಿಗದ ಬೀಜ.

ಜೊಳ್ಳಿನ ಮೂಲ ಪರಾಗಸ್ಪರ್ಶದಲ್ಲಿದೆ. ಐರನ್‌ವೀಡ್ ಬಹುಮಟ್ಟಿಗೆ ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಸುತ್ತ ಬೇರೆ ಗಿಡ ಇಲ್ಲದೆ ಒಂಟಿಯಾಗಿ ನಿಂತದ್ದು, ಇಲ್ಲವೇ ಒಂದೇ ಬುಡ ಒಡೆದು ಮಾಡಿದ ಹತ್ತು ಗಿಡಗಳು, ಹೂ ತುಂಬ ಬಿಟ್ಟರೂ ಬೀಜ ಹೆಚ್ಚಾಗಿ ಖಾಲಿ. ಬೀಜಕ್ಕಾಗಿ ಬೆಳೆಸುವುದಾದರೆ ಬೇರೆ ಬೇರೆ ಬೀಜದಿಂದ ಹುಟ್ಟಿದ ಕನಿಷ್ಠ ಮೂರು ಗಿಡ ಹತ್ತಿರದಲ್ಲಿರಲಿ. ಹೆಸರಿಟ್ಟ ತಳಿಗಳನ್ನು ಬೀಜದಿಂದ ಬೆಳೆಸಬೇಡಿ, ಮರಿಗಳು ತಾಯಿಯಂತೆ ಬರುವುದಿಲ್ಲ. ಎರಡು ಜಾತಿ ಅಕ್ಕಪಕ್ಕ ಇದ್ದರೂ ಇದೇ ತೊಂದರೆ.

ಹೂ ಬಾಡಿ ಸುಮಾರು ನಾಲ್ಕು ವಾರಕ್ಕೆ ಮಂಡೆ ಕಂದಾಗಿ ಕುಚ್ಚು ಬಿಚ್ಚಿಕೊಳ್ಳುತ್ತದೆ. ಕುಚ್ಚು ತಾನಾಗಿ ಅರಳಿ, ಬೆರಳಿನಿಂದ ಎಳೆದರೆ ಬೀಜ ಸಲೀಸಾಗಿ ಬರುವುದೇ ಹದ. ಮುಂಚೆ ಕಿತ್ತರೆ ಎಳೆಯದು, ತಡ ಮಾಡಿದರೆ ಗಾಳಿಪಾಲು. ಒಣ ದಿನ ಮಧ್ಯಾಹ್ನ ಗೊಂಚಲು ಕತ್ತರಿಸಿ ಕಾಗದದ ಚೀಲದಲ್ಲಿ ಒಂದು ವಾರ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಆಮೇಲೆ ಜರಡಿಯ ಮೇಲೆ ಉಜ್ಜಿದರೆ ಕುಚ್ಚು ಬೇರೆಯಾಗಿ ಮೂರು ನಾಲ್ಕು ಮಿಲಿಮೀಟರ್ ಉದ್ದದ, ಗೀರುಗಳಿರುವ ಬೀಜ ಸಿಗುತ್ತದೆ.

ಬಿತ್ತುವ ಮೊದಲು ಇಪ್ಪತ್ತು ಬೀಜವನ್ನು ಬಿಳಿ ಕಾಗದದ ಮೇಲಿಟ್ಟು ಒಂದೊಂದನ್ನೇ ಉಗುರಿನಿಂದ ಒತ್ತಿ. ಗಟ್ಟಿ ಕಾಳು ಉಗುರಿಗೆ ತಡೆ ಕೊಡುತ್ತದೆ, ಜೊಳ್ಳು ಚಪ್ಪಟೆಯಾಗುತ್ತದೆ. ಇಪ್ಪತ್ತರಲ್ಲಿ ಐದು ಮಾತ್ರ ಗಟ್ಟಿಯಿದ್ದರೆ ಬೀಜ ನಾಲ್ಕು ಪಟ್ಟು ಹಾಕಬೇಕೆಂದು ಲೆಕ್ಕ ಸಿಕ್ಕಂತಾಯಿತು. ನೀರಿಗೆ ಹಾಕಿ ತೇಲಿದ್ದನ್ನು ಎಸೆಯುವ ಉಪಾಯ ಇಲ್ಲಿ ನಡೆಯದು. ಉಳಿದ ಕುಚ್ಚಿನ ಎಳೆಗಳಲ್ಲಿ ಗಾಳಿ ಸಿಕ್ಕಿಕೊಂಡು ಒಳ್ಳೆಯ ಬೀಜವೂ ತೇಲುತ್ತದೆ.

ತಂಪು ಉಪಚಾರ ಹೀಗೆ: ಒಂದು ಪಾಲು ಬೀಜಕ್ಕೆ ಮೂರು ಪಾಲು ತೊಳೆದ ಮರಳು ಅಥವಾ ವರ್ಮಿಕ್ಯುಲೈಟ್. ಮರಳನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ನಿಲ್ಲಬೇಕು, ಹನಿ ಬೀಳಬಾರದು. ಬೀಜ ಬೆರೆಸಿ, ಜಿಪ್ ಚೀಲಕ್ಕೆ ತುಂಬಿ, ಜಾತಿಯ ಹೆಸರು ಮತ್ತು ತಾರೀಕು ಬರೆದು, ಫ್ರಿಜ್‌ನಲ್ಲಿ 3ರಿಂದ 5 ಡಿಗ್ರಿ ಸೆಲ್ಸಿಯಸ್‌ನಲ್ಲಿ 60ರಿಂದ 90 ದಿನ ಇಡಿ. ಫ್ರೀಜರ್‌ನಲ್ಲಿ ಬೇಡ, ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಬೀಜದ ಸುಪ್ತಾವಸ್ಥೆ ಕಳೆಯುವ ಕ್ರಿಯೆ ನಡೆಯುವುದಿಲ್ಲ. ಒಣ ಬೀಜವನ್ನು ಫ್ರಿಜ್‌ನಲ್ಲಿಟ್ಟರೂ ಪ್ರಯೋಜನವಿಲ್ಲ. ತಂಪು ಮತ್ತು ತೇವ ಎರಡೂ ಒಟ್ಟಿಗೆ ಸಿಗಬೇಕು.

ಎರಡು ವಾರಕ್ಕೊಮ್ಮೆ ಚೀಲ ತೆರೆದು ನೋಡಿ. ಬೂಷ್ಟು ಕಂಡರೆ ನೀರು ಹೆಚ್ಚಾಗಿದೆ ಎಂದರ್ಥ. ಜೊಳ್ಳು ಬೀಜಗಳೇ ಮೊದಲು ಬೂಷ್ಟು ಹಿಡಿಯುವುದರಿಂದ ಎಲ್ಲ ಹಾಳಾಯಿತೆಂದು ಎಸೆಯಬೇಡಿ. ಸಣ್ಣ ಜರಡಿಯಲ್ಲಿ ತೊಳೆದು ಹೊಸ ಮರಳಿಗೆ ಹಾಕಿದರೆ ಸಾಕು. ಚೀಲದಲ್ಲೇ ಬಿಳಿ ಬೇರು ಇಣುಕಿದರೆ ದಿನ ಎಣಿಸದೆ ಬಿತ್ತಿಬಿಡಿ.

ಬಿತ್ತುವಾಗ ಬೀಜದ ಮೇಲೆ ಮೂರು ಮಿಲಿಮೀಟರ್‌ಗಿಂತ ಹೆಚ್ಚು ಮಣ್ಣು ಬೇಡ. ಸುಮಾರು 20 ಡಿಗ್ರಿ ಬಿಸಿಯಲ್ಲಿ ಎರಡು ಮೂರು ವಾರಕ್ಕೆ ಮೊಳಕೆ ಬರುತ್ತದೆ. ಎಲ್ಲವೂ ಒಟ್ಟಿಗೆ ಬರುವುದಿಲ್ಲ, ಕೆಲವು ಐದನೆಯ ವಾರಕ್ಕೂ ಬರುತ್ತವೆ. ಮೊಳಕೆಯ ಕುತ್ತಿಗೆ ತೆಳುವಾಗಿ ಮಗುಚಿ ಬಿದ್ದರೆ ಶಿಲೀಂಧ್ರ ತಗುಲಿದೆ. ಮೇಲಿನಿಂದ ನೀರು ಚಿಮುಕಿಸುವುದು ನಿಲ್ಲಿಸಿ, ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಹೀರಿಸಿ, ಗಾಳಿ ಆಡಿಸಿ. ಮೂರು ನಾಲ್ಕು ನಿಜ ಎಲೆ ಬಂದಾಗ 10 ಸೆಂಟಿಮೀಟರ್ ಕುಂಡಕ್ಕೆ, ವಸಂತದಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿಯ ಅಪಾಯ ಕಳೆದ ಮೇಲೆ ನೆಲಕ್ಕೆ.

ಚಳಿ ಇರುವ ಊರಿನವರಿಗೆ ಫ್ರಿಜ್‌ನ ಈ ಶಾಸ್ತ್ರವೆಲ್ಲ ಬೇಡವೇ ಬೇಡ. ನವೆಂಬರ್‌ನಲ್ಲಿ ಕುಂಡಕ್ಕೆ ಬಿತ್ತಿ, ಇಲಿ ಮತ್ತು ಹಕ್ಕಿ ಮುಟ್ಟದ ಹಾಗೆ ತಂತಿಬಲೆ ಮುಚ್ಚಿ, ಹೊರಗೇ ಬಿಡಿ. ನಮ್ಮ ಮಟ್ಟಿಗೆ ಇದೇ ಉತ್ತಮ ವಿಧಾನ, ಸಸಿಗಳು ಆರಂಭದಿಂದಲೇ ಗಟ್ಟಿಯಾಗಿ ಬರುತ್ತವೆ.

ಮೊದಲ ವರ್ಷ ಗಿಡ ಗೇಣುದ್ದ ಇದ್ದರೆ ಅದು ಸಹಜ, ಬೇರು ಇಳಿಯುತ್ತಿರುತ್ತದೆ. ಹೂ ಎರಡನೆಯ ಅಥವಾ ಮೂರನೆಯ ವರ್ಷ. ಆ ಮೊದಲ ಬೇಸಿಗೆಯಲ್ಲಿ ಮಳೆಯೂ ಸೇರಿ ವಾರಕ್ಕೆ ಎರಡೂವರೆ ಸೆಂಟಿಮೀಟರ್‌ನಷ್ಟು ನೀರು ಸಿಗಬೇಕು, ಐದು ಸೆಂಟಿಮೀಟರ್ ಒಣ ಎಲೆಯ ಮುಚ್ಚಿಗೆ ಹಾಕಬೇಕು, ಬುಡಕ್ಕೆ ತಾಗದ ಹಾಗೆ.

ಬುಡ ಒಡೆಯುವುದು, ಕಡ್ಡಿ ನೆಡುವುದು

ತಾಯಿಗಿಡದಂಥದೇ ಬೇಕೆಂದರೆ ಈ ಎರಡೇ ದಾರಿ. ಬುಡ ಒಡೆಯಲು ವಸಂತದಲ್ಲಿ ಚಿಗುರು ಐದರಿಂದ ಎಂಟು ಸೆಂಟಿಮೀಟರ್ ಬಂದಾಗ ಸರಿಯಾದ ಸಮಯ, ಕಣ್ಣುಗಳು ಎಲ್ಲಿವೆಯೆಂದು ಕಾಣುತ್ತದೆ. ಬುಡದಿಂದ ಒಂದು ಗೇಣು ದೂರ ಸುತ್ತಲೂ ಅಗೆದು ಎತ್ತಿ. ನಾಲ್ಕು ವರ್ಷ ಮೀರಿದ ಬುಡ ಕಟ್ಟಿಗೆಯಷ್ಟು ಗಟ್ಟಿ, ಕೈಯಿಂದ ಬಿಡಿಸಲು ಹೋದರೆ ಚಿಗುರು ಮುರಿಯುತ್ತದೆ. ಗರಗಸ ಹಿಡಿಯಿರಿ. ಪ್ರತಿ ತುಂಡಿಗೆ ಮೂರರಿಂದ ಐದು ಚಿಗುರು, ಒಂದು ಹಿಡಿ ಬೇರು ಇರಲಿ. ಮುಂಚೆ ಇದ್ದಷ್ಟೇ ಆಳಕ್ಕೆ ನೆಡಿ.

ಕಡ್ಡಿಗೆ ಮೇ ಕೊನೆ, ಜೂನ್ ಮೊದಲು. ಮೊಗ್ಗು ಬರುವ ಮುಂಚಿನ ಎಳೆಯ ಕುಡಿಯನ್ನು 8ರಿಂದ 12 ಸೆಂಟಿಮೀಟರ್ ಉದ್ದಕ್ಕೆ ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಉಳಿದ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಬೇರು ಬರಿಸುವ ಪುಡಿ ತಾಗಿಸಿ, ಪರ್ಲೈಟ್ ಮತ್ತು ಕೋಕೋಪೀಟ್ ಸಮಪಾಲು ಬೆರೆಸಿದ್ದರಲ್ಲಿ ನೆಡಿ. ಪಾರದರ್ಶಕ ಡಬ್ಬಿ ಕವುಚಿ ನೆರಳಲ್ಲಿಟ್ಟರೆ ಮೂರು ನಾಲ್ಕು ವಾರಕ್ಕೆ ಬೇರು. ಆಗಸ್ಟ್‌ನಲ್ಲಿ ನೆಟ್ಟ ಕಡ್ಡಿಯೂ ಬೇರು ಬಿಡಬಹುದು, ಆದರೆ ಚಳಿಗಾಲದೊಳಗೆ ಬುಡದಲ್ಲಿ ಕಣ್ಣು ಕಟ್ಟಲು ಅದಕ್ಕೆ ಸಮಯ ಸಾಲದು. ಆ ಕಣ್ಣು ಇಲ್ಲದಿದ್ದರೆ ಮುಂದಿನ ವಸಂತದಲ್ಲಿ ಕುಂಡ ಖಾಲಿ.

ಎತ್ತರ ತಗ್ಗಿಸಲು ಕುಡಿ ಚಿವುಟುವುದು

ದೊಡ್ಡ ಜಾತಿಗಳನ್ನು ಮೇ ಕೊನೆಯಿಂದ ಜೂನ್ ಮಧ್ಯದೊಳಗೆ, ಗಿಡ ಮೊಣಕಾಲು ದಾಟಿದಾಗ, ಮೂರನೇ ಒಂದರಿಂದ ಅರ್ಧದಷ್ಟು ಕತ್ತರಿಸಿ. ಪಕ್ಕದ ಕಣ್ಣುಗಳೊಡೆದು ಗಿಡ ಗಿಡ್ಡವಾಗಿ ಪೊದೆಯಾಗುತ್ತದೆ, ಹೂ ಒಂದೆರಡು ವಾರ ತಡವಾಗುತ್ತದೆ. ಜುಲೈಗೆ ಕಾಲಿಟ್ಟ ಮೇಲೆ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ. ಮಳೆ ಕೈಕೊಟ್ಟ ವರ್ಷ, ಅಥವಾ ನೆಟ್ಟ ಮೊದಲ ವರ್ಷ, ಈ ಕೆಲಸಕ್ಕೆ ಹೋಗಬೇಡಿ.

ಕೆಡುವುದು ಏನು, ಏಕೆ

ಕಾಂಡ ಮಲಗುವುದಕ್ಕೆ ಮೂರು ಕಾರಣ: ನೆರಳು, ಗೊಬ್ಬರ, ಅಥವಾ ಗಿಡ ಒಂಟಿಯಾಗಿರುವುದು. ಸಹಜ ನೆಲೆಯಲ್ಲಿ ಎತ್ತರದ ಹುಲ್ಲು ಸುತ್ತ ಆನಿಕೊಂಡಿರುತ್ತದೆ. ತೋಟದಲ್ಲೂ ಗಟ್ಟಿ ಹುಲ್ಲನ್ನು ಜೊತೆಗೆ ನೆಟ್ಟರೆ ಕೋಲು ಕಟ್ಟುವ ಕೆಲಸವಿಲ್ಲ.

ಕೆಳಗಿನ ಎಲೆಗಳು ಆಗಸ್ಟ್‌ನಲ್ಲಿ ಕಂದಾಗಿ ಉದುರಿದರೆ ಹೆಚ್ಚಾಗಿ ನೀರಿನ ಕೊರತೆ. ಅದು ರೋಗವಲ್ಲ. ಮುಂದೆ ಗಿಡ್ಡ ಗಿಡಗಳನ್ನು ನೆಟ್ಟು ಬೋಳು ಕಾಲು ಮರೆಮಾಡುವುದು ತೋಟಗಾರರ ಹಳೆಯ ಉಪಾಯ. ಎಲೆಯ ಮೇಲೆ ಬಿಳಿ ಹುಡಿ ಕಂಡರೆ ಬೂದಿರೋಗ. ಒತ್ತಾಗಿ ನೆಟ್ಟಲ್ಲಿ, ಬೇರು ಒಣಗಿದಲ್ಲಿ ಹೆಚ್ಚು. ಗಿಡ ಸಾಯುವುದಿಲ್ಲ, ಔಷಧಿ ಹೊಡೆಯುವ ಅಗತ್ಯವೂ ಇಲ್ಲ. ಎಲೆಯ ತಳದಲ್ಲಿ ಕಿತ್ತಳೆ ಗುಳ್ಳೆಗಳಿದ್ದರೆ ತುಕ್ಕು ರೋಗ, ಕೋಲಿಯೋಸ್ಪೋರಿಯಂ ವರ್ನೋನಿಯೇ ಎಂಬ ಶಿಲೀಂಧ್ರದ್ದು. ಅದರ ಬದುಕಿನ ಇನ್ನರ್ಧ ಪೈನ್ ಮರದ ಸೂಜಿಯೆಲೆಯಲ್ಲಿ ನಡೆಯುತ್ತದೆ. ಹಾಗೆಂದು ಪೈನ್ ಕಡಿಯಲು ಹೊರಡಬೇಕಿಲ್ಲ, ರೋಗ ಹತ್ತಿದ ಕೆಳಗಿನ ಎಲೆ ತೆಗೆದರೆ ಸಾಕು.

ನಿನ್ನೆ ಚೆನ್ನಾಗಿದ್ದ ಒಂದು ಕಾಂಡ ಇಂದು ತಲೆ ಬಾಗಿ ಬಾಡಿದ್ದರೆ ಬುಡದ ಹತ್ತಿರ ರಂಧ್ರ ಹುಡುಕಿ, ಕೆಳಗೆ ಹೊಟ್ಟಿನಂಥ ಹಿಕ್ಕೆ ಬಿದ್ದಿರುತ್ತದೆ. ಪಪೈಪೀಮ ಕುಲದ ಪತಂಗದ ಕಾಂಡಕೊರಕ ಹುಳ ಇದು. ಇವುಗಳಲ್ಲಿ ಕೆಲವು ಐರನ್‌ವೀಡನ್ನೇ ನಂಬಿ ಬದುಕುವ ಸ್ಥಳೀಯ ಜಾತಿಗಳು. ಒಂದೆರಡು ಕಾಂಡ ಹೋದರೆ ಬಿಟ್ಟುಬಿಡಿ. ಮೊಗ್ಗು ಅರಳದೆ ಊದಿಕೊಂಡು ಗಂಟಾಗಿದ್ದರೆ ಪುಟ್ಟ ನೊಣದ ಮರಿ ಒಳಗಿದೆ, ಅಂಥ ಮೊಗ್ಗು ಚಿವುಟಿ ತೆಗೆಯಬಹುದು.

ದನ, ಜಿಂಕೆಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎಲೆಯಲ್ಲಿರುವ ಗ್ಲಾಕೋಲೈಡ್-ಎ ಮುಂತಾದ ಕಹಿ ರಾಸಾಯನಿಕಗಳು ಅದಕ್ಕೆ ಕಾರಣ. ಇದೇ ಗುಣದಿಂದ ಅತಿಯಾಗಿ ಮೇಯಿಸಿದ ಹುಲ್ಲುಗಾವಲಿನಲ್ಲಿ ಸುತ್ತಲಿನ ಮೇವು ಖಾಲಿಯಾಗಿ ಐರನ್‌ವೀಡ್ ಮಾತ್ರ ಉಳಿದು ದನ ಸಾಕುವವರ ಪಾಲಿಗೆ ಕಳೆಯಾಗುತ್ತದೆ. ಮೊಲ ಮಾತ್ರ ಎಳೆಸಸಿಯ ರುಚಿ ನೋಡದೆ ಬಿಡದು, ಮೊದಲ ವರ್ಷ ಸುತ್ತ ತಂತಿಬಲೆ ಇರಲಿ.

ನೆಲದಡಿ ಹರಡುವ ಬಾಲ್ಡ್‌ವಿನಿಯೈ ಬಿಟ್ಟರೆ, ತೋಟದಲ್ಲಿ ಹರಡುವುದು ಮುಖ್ಯವಾಗಿ ಬೀಜದಿಂದ. ಬೇಡವಾದಲ್ಲಿ ಕುಚ್ಚು ಬಿಚ್ಚುವ ಮೊದಲೇ ಮಂಡೆ ಕತ್ತರಿಸಿ. ಅಲ್ಲಲ್ಲಿ ಹುಟ್ಟಿದ ಸಸಿಗಳನ್ನು ಮೊದಲ ವರ್ಷವೇ ಮಳೆ ಬಂದ ಮರುದಿನ ಕಿತ್ತರೆ ಬೇರುಸಹಿತ ಬರುತ್ತವೆ, ಎರಡನೆಯ ವರ್ಷಕ್ಕೆ ಹಾರೆ ಬೇಕಾಗುತ್ತದೆ. ಆದರೆ ಹೂವಿರುವಾಗ ಕತ್ತರಿಸಬೇಡಿ: ಮೆಲಿಸೋಡಿಸ್ ಡೆಂಟಿಕ್ಯುಲೇಟಸ್ ಎಂಬ ಉದ್ದಮೀಸೆಯ ಒಂಟಿ ಜೇನ್ನೊಣ ತನ್ನ ಮರಿಗಳಿಗೆ ಕೂಡಿಡುವುದು ಮುಖ್ಯವಾಗಿ ಐರನ್‌ವೀಡ್‌ನ ಪರಾಗವನ್ನೇ. ದಕ್ಷಿಣಕ್ಕೆ ವಲಸೆ ಹೊರಟ ಮೊನಾರ್ಕ್ ಚಿಟ್ಟೆಗಳಿಗೂ ಆ ತಿಂಗಳಲ್ಲಿ ಮಕರಂದ ಬೇಕು.

ಒಣಗಿದ ಕಾಂಡಗಳನ್ನು ಚಳಿಗಾಲವಿಡೀ ಹಾಗೇ ನಿಲ್ಲಿಸಿ, ವಸಂತದಲ್ಲಿ ಹೊಸ ಚಿಗುರು ಏಳುವ ಮುನ್ನ ನೆಲದಿಂದ 30ರಿಂದ 45 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಕಾಂಡದೊಳಗೆ ಗೂಡು ಮಾಡುವ ಜೇನ್ನೊಣಗಳಿಗೆ ಆ ಮೋಟು ಬೇಕು. ಬುಡ ಎಲ್ಲಿದೆಯೆಂದು ಅದು ತೋರಿಸುತ್ತಲೂ ಇರುವುದರಿಂದ ಏಪ್ರಿಲ್‌ನಲ್ಲಿ ಪಕ್ಕದ ಮಡಿ ಅಗೆಯುವಾಗ ಗುದ್ದಲಿ ತಪ್ಪಿ ಚಿಗುರಿನ ಮೇಲೆ ಬೀಳುವುದಿಲ್ಲ.